ನಾಳೆ ಎನ್ನದ ದರ್ಜಿ

ದರ್ಜಿ ಎಂದ ಮೇಲೆ "ನಾಳೆ ಬನ್ನಿ" ಎನ್ನಲೇಬೇಕು. ಈ ಬೀದಿಯ ದರ್ಜಿಯ ಬಾಯಲ್ಲಿ ಮಾತ್ರ ಆ ಮಾತು ಬರುವುದೇ ಇಲ್ಲ. ಮೂರು ವರ್ಷದ ಹಿಂದೆ ಎದೆ ಹಿಡಿದುಕೊಂಡು ಹೊಲಿಗೆ ಯಂತ್ರದ ಮೇಲೆಯೇ ಕುಸಿದು ಬದುಕಿ ಬಂದವನು, ಅಂದಿನಿಂದ ದಿನವೂ ಇದೇ ತನ್ನ ಕೊನೆಯ ದಿನವೆಂದು ನಂಬಿ ಯಾರ ಕೆಲಸವನ್ನೂ ಬಾಕಿ ಇಡುವುದಿಲ್ಲ. ನೀವು ಅಳತೆ ಕೊಟ್ಟು ಮನೆ ಮುಟ್ಟುವಷ್ಟರಲ್ಲಿ ಅಂಗಿ ನಿಮ್ಮ ಬೆನ್ನ ಹಿಂದೆಯೇ ಓಡಿ ಬರುತ್ತದೆ, ಅದನ್ನು ಹಿಡಿದು ಕೊರಳ ಟೇಪು ಹಾರಿಸುತ್ತ ಇವನು. ದಾರಿಯಲ್ಲಿ ಯಾರದಾದರೂ ಗುಂಡಿ ಜೋತಾಡುತ್ತಿದ್ದರೆ ಮುಗಿಯಿತು: "ಅಲ್ಲಾಡ್ಬೇಡಿ ಸಾರ್, ಒಂದೇ ನಿಮಿಷ!" ಹಾಗೆ ಗುಂಡಿ ಹಾಕುತ್ತ ಹಾಕುತ್ತ ಬಸ್ಸು ಹತ್ತಿ, ಎರಡು ಸ್ಟಾಪು ದಾಟಿ, ನಡೆದು ವಾಪಸು ಬಂದದ್ದೂ ಉಂಟು. ಪಕ್ಕದಂಗಡಿಯವನೊಡನೆ ಬೆಳಿಗ್ಗೆ ಜಗಳವಾದರೆ ಮಧ್ಯಾಹ್ನದೊಳಗೆ ದಿಂಬಿಗೊಂದು ಗವಸು ಹೊಲಿದುಕೊಟ್ಟು ರಾಜಿಯಾಗುತ್ತಾನೆ. ಪಾಪ, ಆ ಅಂಗಡಿಯವನ ಮನೆಯಲ್ಲೀಗ ತಲೆಗಳಿಗಿಂತ ಗವಸುಗಳೇ ಹೆಚ್ಚು. "ಸ್ವಲ್ಪ ಕೂತ್ಕೊಳ್ರೀ, ನಾಳೆ ಮಾಡಿದ್ರಾಯ್ತು" ಎಂದು ಹೆಂಡತಿ ಗದರಿದರೆ, "ನಾಳೆಗೀಳೆ ಅಂತ ನನ್ ಹತ್ರ ಹೇಳ್ಬೇಡ ಕಣೇ" ಎಂದು ಅವಳಿಗೇ ಗದರುತ್ತಾನೆ. ಮೊನ್ನೆ ಅವಳು ಇವನು ಹೊಲಿದ ಎದುರುಮನೆ ಮಗುವಿನ ಫ್ರಾಕಿಗೆ ಇಸ್ತ್ರಿ ಹಾಕಲು ಅಂಚು ಮಗುಚಿ ನೋಡಿದಳು. ಒಳಗೆ ನಾಲ್ಕು ಬೆರಳಗಲ ಹೆಚ್ಚು ಬಟ್ಟೆ ಮಡಿಸಿ ಬಿಟ್ಟಿದ್ದ. ಬೀದಿಯ ಮಕ್ಕಳ ಬಟ್ಟೆಗಳೆಲ್ಲ ಹಾಗೆಯೇ. "ನಾಳೆನೇ ಇಲ್ಲ ಅಂತೀರಿ, ಮತ್ತೆ ಇದ್ಯಾಕೆ?" ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆ ಎತ್ತಲಿಲ್ಲ. "ಇಲ್ಲದೇ ಇರೋದು ನನಗೆ ಕಣೇ. ಮಕ್ಕಳು ಬೆಳೀಬೇಡ್ವಾ? ಬಿಚ್ಚಿಕೊಡೋಕೆ ನಾನಿರ್ತೀನೋ ಇಲ್ವೋ ಅಂತ ಅಲ್ಲಿ ಹೊಲಿಗೆ ಸಡಿಲ ಹಾಕಿದೀನಿ. ಯಾರು ಎಳೆದ್ರೂ ಬಿಚ್ಕೊಳ್ಳತ್ತೆ."