ಮೊಳೆಗೆ ನೇತುಹಾಕಿದ ಬೆಲ್ಟುಗಳು

ನಮ್ಮ ಸಯೂಲಾದಲ್ಲಿ ಚಾಕು ಮಾಡುವವರಿಗೇನೂ ಬರವಿಲ್ಲ. ಆದರೆ ಸಾಣೆ ಯಂತ್ರದ ಮೇಲೆ ಸುತ್ತುವ ಮರಳುಕಾಗದದ ಬೆಲ್ಟನ್ನು ಸಬೀನಾಳ ಹಾಗೆ ಜೋಪಾನ ಮಾಡಿದವರನ್ನು ನಾನು ಕಂಡಿಲ್ಲ. ಹೊಸ ಬೆಲ್ಟ್ ಬಂದರೆ ಮೊದಲು ಅಂಟಿಸಿದ ಜಾಗವನ್ನು ಬೆರಳಿನಿಂದ ಸವರುವಳು, ಉಬ್ಬಿದ್ದರೆ ವಾಪಸ್ಸು. ಉಳಿದವನ್ನು ಕುಲುಮೆಗೂ ತೇವದ ಗೋಡೆಗೂ ದೂರವಾಗಿ, ತೊಡೆಯಷ್ಟು ದಪ್ಪದ ಮರದ ಗೂಟಕ್ಕೆ ನೇತುಹಾಕುವಳು.

ಅಲಗು ಉಜ್ಜಿದವರ ಹೆಸರಿನ ಮೊದಲಕ್ಷರವನ್ನು ಹಿಡಿಯ ಬುಡದ ಹಿತ್ತಾಳೆ ಪಟ್ಟಿಗೆ ಒತ್ತುವುದು ನಮ್ಮ ಬೀದಿಯ ಪದ್ಧತಿ. ಅವಳಪ್ಪ ಅವಳಿಗೆಂದೇ ಒಂದು ಅಚ್ಚು ಕೊರೆಸಿದ್ದ. ಅವನು ಸತ್ತ ಮೇಲೆ ಅಂಗಡಿ ತಮ್ಮ ಫಾಬಿಯಾನನದಾಯಿತು, ಅಚ್ಚು ಅವನ ಪೆಟ್ಟಿಗೆ ಸೇರಿತು. ಉಜ್ಜುವವಳು ಇವಳು, ಅಕ್ಷರ ಅವನದು. ಅದೇ ಅಂಗಡಿಯಲ್ಲಿ ಹಿಡಿ ಕೂರಿಸುವ ನನಗೆ ಅದನ್ನು ನೋಡಿ ನೋಡಿ ಮೈಯೆಲ್ಲ ಉರಿಯುತ್ತಿತ್ತು.

ಕುದುರೆ ಸವಾರರ ಪಂದ್ಯದ ಬಹುಮಾನಕ್ಕೆ ಒಂದು ಚಾಕು ಬೇಕೆಂದು ಕೇಳಿ ಬಂದರು. "ಇದು ಚೆನ್ನಾಗಿ ಬರ್ಲಿ ಅಕ್ಕ, ನಿನ್ನ ಅಕ್ಷರಾನೇ ಒತ್ತೋಣ" ಎಂದ ಫಾಬಿಯಾನ್. ಸಬೀನಾ ಅಂದು ಹಾಡು ಗುನುಗುತ್ತ ಕೆಲಸ ಮಾಡಿದಳು.

ಆಮೇಲೆ ಅವಳು ನಾಮಕರಣಕ್ಕೆಂದು ಕೊಲೀಮಾಕ್ಕೆ ಹೋದಳು. ಬರುವಷ್ಟರಲ್ಲಿ ಆ ಪುಣ್ಯಾತ್ಮ ಬೆಲ್ಟುಗಳನ್ನೆಲ್ಲ ಮೊಳೆಗೆ ಸಿಕ್ಕಿಸಿ, ಗೂಟದ ಮೇಲೆ ತನ್ನ ಕುದುರೆಯ ಹೊಸ ಜೀನನ್ನು ಕೂರಿಸಿದ್ದ.

"ಎಲ್ಲಾ ಮಡಿಕೆ ಬಿದ್ದಿದ್ಯಲ್ಲೋ! ಸುತ್ತು ಸುತ್ತಿಗೂ ಕುಕ್ಕುತ್ತೆ, ಅಲಗಿನ ಮೇಲೆ ಅಲೆ ಏಳುತ್ತೆ."

"ಬೆಲ್ಟೇನು ಮದುವೆ ಲಂಗಾನಾ ಅಕ್ಕ, ಇಸ್ತ್ರಿ ಮಾಡಿ ಇಡೋಕೆ?"

ನಾನು ಸುಮ್ಮನಿರಲಿಲ್ಲ. "ಜೀನು ನೆಲದ ಮೇಲಿಟ್ಟಿದ್ರೆ ಕುದುರೆ ಮುನಿಸ್ಕೋತಿತ್ತೇನೋ?"

"ಹಿಡಿ ಕೂರ್ಸೋರು ಹಿಡಿ ನೋಡ್ಕೊಳ್ಳಿ, ಮಾಮ."

ಪಂದ್ಯ ಭಾನುವಾರ. ಗ್ವಾದಲಹಾರಾದಿಂದ ಹೊಸ ಬೆಲ್ಟ್ ಬರುವುದು ಅದರ ನಂತರ. ಮಡಿಕೆಯಿಲ್ಲದೆ ಉಳಿದದ್ದು ಯಂತ್ರದ ಮೇಲೇ ಇದ್ದ ಒಂದು ಸವೆದ ಬೆಲ್ಟ್. ಸವೆದ ಬೆಲ್ಟ್ ಉಕ್ಕನ್ನು ಕತ್ತರಿಸುವುದಿಲ್ಲ, ಬರೀ ಬಿಸಿ ಮಾಡುತ್ತದೆ. ಬೇರೆ ಯಾರಾದರೂ ಅದಕ್ಕೆ ಅಲಗು ಕೊಟ್ಟಿದ್ದರೆ ಅವಳೇ ಬೈದು ಎಬ್ಬಿಸುತ್ತಿದ್ದಳು. ಆದರೆ ಅಕ್ಷರದ ಆಸೆ ಅವಳನ್ನು ಕೂರಿಸಿತು. ಮತ್ತೆ ಮತ್ತೆ ನೀರಿಗದ್ದಿ ಒತ್ತಿದಳು. ಮೊನೆಯ ಹತ್ತಿರ ಅಲಗಿನ ಬಾಯಿ ಕಾದು ನೀಲಿಯಾಯಿತು.

"ಹದ ಹೋಯ್ತು ಮಾಮ, ಉಕ್ಕು ಮೆತ್ತಗಾಯ್ತು," ಎಂದು ಯಂತ್ರ ನಿಲ್ಲಿಸಿದಳು. "ಇದನ್ನ ಕೊಡ್ಬಾರ್ದು."

"ಹೊಳೀತಿದ್ಯಲ್ಲ, ಸಾಕು," ಎಂದು ಫಾಬಿಯಾನ್ ನೀಲಿಯನ್ನು ಉಜ್ಜಿ ತೆಗೆದ. ನನ್ನ ಕೈಲಿ ಹಿಡಿ ಹಾಕಿಸಿಕೊಂಡು, ಪೆಟ್ಟಿಗೆಯಿಂದ ಅವಳ ಅಚ್ಚನ್ನು ಹೊರಗೆ ತೆಗೆದ.

ಅವಳು ಅವನ ಕೈ ಹಿಡಿದುಕೊಂಡಳು. "ಬೇಡ ಕಣೋ. ಇದಕ್ಕೆ ಬೇಡ."

"ಇಷ್ಟು ವರ್ಷ ಕೇಳ್ತಿದ್ಯಲ್ಲ ಅಕ್ಕ, ತಗೋ." ಸುತ್ತಿಗೆಯ ಏಟು ಬಿತ್ತು.

ಪಂದ್ಯ ಗೆದ್ದವನು ಔತಣದಲ್ಲಿ ಹಂದಿಯ ಪಕ್ಕೆಲುಬಿಗೆ ಹಾಕಿದ್ದೇ ತಡ, ಚಾಕುವಿನ ಬಾಯಿ ಮಡಚಿಕೊಂಡಿತು. ಚಾಕು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಅಕ್ಷರ ನೋಡಿದರು. ಹೆಂಗಸು ಉಜ್ಜಿದರೆ ಇಷ್ಟೇ ಎಂದು ಈಗ ಊರೆಲ್ಲ ಆಡಿಕೊಳ್ಳುತ್ತದೆ. ಹಾಗೆ ಆಡಿಕೊಳ್ಳುವವರ ಅಡುಗೆಮನೆಗಳಲ್ಲಿ ಅವಳು ಉಜ್ಜಿದ ಒಳ್ಳೆಯ ಚಾಕುಗಳಿವೆ, ಫಾಬಿಯಾನನ ಅಕ್ಷರ ಹೊತ್ತುಕೊಂಡು.