ಜಯತ್ತೆ ಕೇಳಿದ ಪ್ರಶ್ನೆ

ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಅದು ತಾನಾಗಿ ಕೊಬ್ಬರಿಯಾಗುವವರೆಗೂ ಜನ ಕಾಯುತ್ತಿದ್ದ ಕಾಲ ಅದು. ನುಗ್ಗೇಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಬೇಸಿಗೆ ಬಂತೆಂದರೆ ನಡುಮನೆಯ ತುಂಬ ಕೊಬ್ಬರಿಯ ಜಿಡ್ಡು ವಾಸನೆ. ಅಲ್ಲೇ ಕೂತು ನಾನೂ ಜಯತ್ತೆಯೂ ಕತೆ ಓದುತ್ತಿದ್ದೆವು.

ಜಯತ್ತೆ ನಮ್ಮಪ್ಪನ ತಂಗಿ. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಅರಕಲಗೂಡಿನ ಕಡೆಗೆ ಕೊಟ್ಟು ಮದುವೆ ಮಾಡಿದ್ದರು. ನಾನು ಐದನೇ ಕ್ಲಾಸು ಮುಗಿಸಿದ ಆ ಬೇಸಿಗೆಯಲ್ಲಿ ಯುಗಾದಿಗೆಂದು ಬಂದವಳು ಹಬ್ಬ ಮುಗಿದರೂ ಹೋಗಲಿಲ್ಲ. ಮೊಣಕೈ ಮೇಲೆ ಸುಟ್ಟ ಕಲೆಯಿತ್ತು. ಕೇಳಿದರೆ "ಒಲೆ ತಗುಲ್ತು" ಅನ್ನುತ್ತಿದ್ದಳು. ದೊಡ್ಡವರು ನಂಬಿದವರಂತೆ ಸುಮ್ಮನಿದ್ದರು.

ಊರಿನ ಲೈಬ್ರರಿಯಿಂದ ನಾನು ತಂದ ಒಂದು ಕಥಾಸಂಕಲನದಿಂದ ಎಲ್ಲ ಶುರುವಾಯಿತು. ಬರೆದವರು ಹಾಸನದಲ್ಲಿ ಮೇಷ್ಟರಾಗಿದ್ದವರು. ಅವರ ಕತೆಯ ಹೆಂಗಸರು ಮುದ್ದೆ ತಿರುವುತ್ತಾ ನಮ್ಮ ಹಾಗೇ ಮಾತಾಡುತ್ತಿದ್ದರು. "ನಮ್ ಮಾತೂ ಪುಸ್ತಕದಲ್ಲಿ ಬತ್ತದೇನೆ!" ಎಂದು ಜಯತ್ತೆ ಬೆರಗಾದಳು. ಆಮೇಲೆ ಅವರ ಒಂದು ಪುಸ್ತಕವನ್ನೂ ನಾವು ಬಿಡಲಿಲ್ಲ. ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು ಚೀಪುತ್ತಾ ಅವಳು ಗಟ್ಟಿಯಾಗಿ ಓದುತ್ತಿದ್ದಳು, ಪಾತ್ರಕ್ಕೊಂದು ದನಿ. ಚೌಕಾಬಾರಕ್ಕೆ ಕರೆದೂ ಕರೆದೂ ನನ್ನ ಗೆಳತಿಯರು ಬೇಸತ್ತರು. "ಓದಿ ಓದಿ ಸಂಸಾರ ಮಾಡಾಕಾಯ್ತದಾ?" ಎಂದು ಗೊಣಗುವ ಅಜ್ಜಿಯೂ ಮೊರ ಹಿಡಿದು ಬಾಗಿಲ ಹತ್ತಿರವೇ ಬಂದು ಕೂರುತ್ತಿದ್ದಳು.

ಅದರಲ್ಲೊಂದು ಕತೆ, ಗಂಡನ ಮನೆ ಬಿಟ್ಟು ಬಂದವಳದು. ಟ್ರಂಕು ಹಿಡಿದು ಕೂಡುರಸ್ತೆಯಲ್ಲಿ ಬಸ್ಸಿಳಿದು ನಿಂತಿದ್ದಾಳೆ. ಒಂದು ದಾರಿ ಟೀಚರ್ ಟ್ರೈನಿಂಗ್ ಕೊಡುವ ಊರಿಗೆ, ಇನ್ನೊಂದು ಬಂದ ದಾರಿ. ಕತೆ ಅಲ್ಲಿಗೇ ಮುಗಿಯುತ್ತಿತ್ತು.

"ಆಮೇಲೆ ಏನಾದ್ಲು ಕಣೆ ಇವ್ಳು?"

"ಟೀಚರ್ ಆದ್ಲು" ಅಂದೆ.

"ಅಂಗೇ ಆಗಿರ್ತಾಳಾ?"

ಒಂದು ಸಂಜೆ ಅಪ್ಪ ಊಟಕ್ಕೆ ಕೂತಾಗ ಜಯತ್ತೆ ಮೆಲ್ಲಗೆ ಕೇಳಿದಳು: "ಅಣ್ಣಾ, ನಾನೂ ಟ್ರೈನಿಂಗ್ ಓದ್ಲಾ?" ಅಪ್ಪ ಹೂಂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅಷ್ಟಕ್ಕೇ ಅವಳ ಮುಖ ಅರಳಿತು.

ಅದೇ ದಿನಗಳಲ್ಲಿ ಆ ಕತೆಗಾರರು ಚನ್ನರಾಯಪಟ್ಟಣಕ್ಕೆ ಭಾಷಣಕ್ಕೆ ಬರುತ್ತಾರೆಂದು ಗೊತ್ತಾಯಿತು. ಅಪ್ಪನನ್ನು ಒಪ್ಪಿಸಿ ನಾವಿಬ್ಬರೂ ಬಸ್ಸು ಹತ್ತಿದೆವು. ಜಯತ್ತೆ ತನ್ನ ಮದುವೆಯಲ್ಲಿ ಕೊಟ್ಟಿದ್ದ ನೀಲಿ ಸೀರೆ ಉಟ್ಟಿದ್ದಳು. ಭಾಷಣ ಮುಗಿದ ಮೇಲೆ ಸಹಿಗಾಗಿ ಮುತ್ತಿದವರ ನಡುವೆ ನುಗ್ಗಿ ಅವರೆದುರು ನಿಂತಳು.

"ಕೂಡುರಸ್ತೇಲಿ ನಿಂತವ್ಳು ಆಮೇಲೆ ಎಲ್ಲಿಗೆ ಹೋದ್ಲು ಸಾ?"

ಅವರು ನಕ್ಕರು. "ಅದನ್ನ ಓದುವವರಿಗೇ ಬಿಟ್ಟಿದ್ದೀನಮ್ಮ."

"ಇಲ್ಲ ಸಾ. ನಿಮಗೆ ಗೊತ್ತಿರ್ಲೇಬೇಕು."

ಪಕ್ಕದಲ್ಲಿ ಯಾರೋ ಅವರನ್ನು ಕಾಫಿಗೆ ಕರೆಯುತ್ತಿದ್ದರು. "ಗಂಡನ ಮನೆಗೇ ಹೋದ್ಲು ಅಂತಿಟ್ಕೊಳ್ಳಿ. ನಮ್ಮ ಹೆಣ್ಣುಮಕ್ಕಳು ಇನ್ನೆಲ್ಲಿಗೆ ಹೋಗ್ತಾರೆ?" ಎಂದು ತಿರುಗಿದರು. ಸುತ್ತಲಿದ್ದವರು ನಕ್ಕರು. ಜಯತ್ತೆಯೂ ನಕ್ಕಳು. ಆ ನಗು ನೋಡಿ ನನಗೆ ಅಳು ಬಂತು.

ಮುಂಗಾರಿಗೆ ಮುಂಚೆ ಗಂಡನ ಕಡೆಯವರು ಕರೆಯಲು ಬಂದರು. "ಏನಂತೀಯಾ?" ಎಂದು ಅಪ್ಪ ಕೇಳಿದಾಗ "ಓಗ್ತೀನಿ ಬಿಡಣ್ಣ" ಅಂದಳು. ಟ್ರೈನಿಂಗ್ ಏನಾಯಿತೆಂದು ನಾನು ಸೆರಗು ಜಗ್ಗಿದೆ.

"ಬರೆದವ್ರಿಗೇ ಅವಳಿಗೊಂದು ದಾರಿ ಕಾಣ್ಲಿಲ್ಲ. ನಿಮ್ಮಪ್ಪಂಗೆ ಎಲ್ಲಿ ಕಾಣ್ತದೆ ಕಣೆ?"

ಅಪ್ಪ ಅವಳನ್ನು ತಡೆಯಲಿಲ್ಲ. ತಡೆದಿದ್ದರೆ ನಿಲ್ಲುತ್ತಿದ್ದಳು ಎಂದು ಸಾಯುವ ಮುಂಚೆ ಒಮ್ಮೆ ನನ್ನ ಹತ್ತಿರ ಹೇಳಿಕೊಂಡರು.

ಹೋದ ವರ್ಷ ಅರಕಲಗೂಡಿಗೆ ಹೋಗಿ ಜಯತ್ತೆಯನ್ನು ನೋಡಿದೆ. ಗಂಡ ತೀರಿಹೋಗಿದ್ದಾನೆ. ಮೊಮ್ಮಗುವಿಗೆ ಅನ್ನ ಕಲಸುತ್ತಾ ಕೂತಿದ್ದಳು. ಆ ಬೇಸಿಗೆಯ ಓದಿನ ಮಾತು ತೆಗೆದೆ.

"ನಾನು ಓದ್ತಿದ್ನಾ? ಯಾವ್ ಕತೆ?"

ನಿಜವಾಗಿ ಮರೆತಿದ್ದಳೋ, ಮರೆತವಳಂತೆ ಇರುವುದನ್ನು ಕಲಿತಿದ್ದಳೋ, ತಿಳಿಯಲಿಲ್ಲ. ಆ ಕತೆಗಾರರು ತೀರಿಹೋಗಿ ವರ್ಷಗಳಾದವು. ಅವರ ಪುಸ್ತಕಗಳು ಈಗಲೂ ಅಂಗಡಿಯಲ್ಲಿ ಸಿಗುತ್ತವೆ, ನನ್ನ ಕಪಾಟಿನಲ್ಲೂ ಇವೆ. ಓದಿದರೆ ಈಗಲೂ ಚೆನ್ನಾಗಿವೆ. ಆದರೆ ಕತೆಯೊಂದನ್ನು ಅಷ್ಟು ನಂಬಿ, ಅದರ ಮೇಲೆ ತನ್ನ ಬದುಕನ್ನೇ ಇಟ್ಟು ಕಾಯುವವರನ್ನು ನಾನು ಮತ್ತೆ ಕಾಣಲಿಲ್ಲ. ನಾನೂ ಹಾಗೆ ಓದಲಾರೆ.