ಗಿರಿಜಾಂಬಾಳ ಬದನೆಕಾಯಿ ಹಲ್ವ

ಏಕಾಂತಯ್ಯನವರು ತಮ್ಮ ಹೆಂಡತಿ ಗಿರಿಜಾಂಬಾಳಿಗೆ ಮೂವತ್ತೆಂಟು ವರ್ಷಗಳಿಂದ ಒಂದು ಮಾತು ಬಾಕಿ ಇಟ್ಟುಕೊಂಡಿದ್ದಾರೆ. ದೊಡ್ಡ ಮಾತೇನಲ್ಲ. ‘ಚೆನ್ನಾಗಿದೆ’ ಅಥವಾ ‘ಚೆನ್ನಾಗಿಲ್ಲ’, ಎರಡರಲ್ಲಿ ಒಂದು. ಮೂರು ಹೊತ್ತು ಬೇಯಿಸಿ ಹಾಕುವ ಹೆಂಗಸಿಗೆ ಕೂಲಿಯಂತೂ ಯಾರೂ ಕೊಡುವುದಿಲ್ಲ. ಈ ಮಾತನ್ನಾದರೂ ಬಿಸಾಡಬಹುದಿತ್ತು. ಈಚೆಗೆ ಬಡ್ಡಿ ಸ್ವಲ್ಪ ತೀರಿದೆ, ಅಸಲು ಹಾಗೇ ಇದೆ.

ಏಕಾಂತಯ್ಯ ಜಿಪುಣರಲ್ಲ, ಒರಟರೂ ಅಲ್ಲ. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರಾಗಿದ್ದು ನಿವೃತ್ತರಾದವರು. ಒಂಟಿಕೊಪ್ಪಲಿನಲ್ಲಿ ಸ್ವಂತ ಮನೆ, ಅಮರೇಶ್ ಎಂಬ ಒಬ್ಬ ಮಗ. ತೊಡಕು ಇರುವುದು ಮನೆಯ ಕ್ರಮದಲ್ಲಿ. ಅಡುಗೆ ಆದ ಮೇಲೆ ಇಷ್ಟಲಿಂಗ ಪೂಜೆ, ಪೂಜೆಯಲ್ಲಿ ಅರ್ಪಣೆ, ಆಮೇಲೆ ಊಟ. ಅರ್ಪಣೆಗೆ ಮೊದಲು ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ, ಅಡುಗೆ ಮಾಡಿದವಳೂ ಅಷ್ಟೆ. ಅರ್ಪಣೆ ಆದ ಮೇಲೆ ಅದು ಪ್ರಸಾದ. ಪ್ರಸಾದಕ್ಕೆ ಹೆಸರಿಡುವಂತಿಲ್ಲ, ಒಂದಗುಳು ಬಿಡುವಂತಿಲ್ಲ. ಏಕಾಂತಯ್ಯನವರಂತೂ ತಟ್ಟೆ ತೊಳೆದ ನೀರನ್ನೂ ಕುಡಿದೇ ಏಳುತ್ತಾರೆ. ಅಂದರೆ ಆ ಮನೆಯಲ್ಲಿ ರುಚಿ ನೋಡುವ ಹೊತ್ತಿಗೆ ನೋಡುವಂತಿಲ್ಲ, ರುಚಿ ಗೊತ್ತಾದ ಹೊತ್ತಿಗೆ ಹೇಳುವಂತಿಲ್ಲ.

ಇಂಥ ಮನೆಗೆ ಸೊಸೆಯಾಗಿ ಒಬ್ಬ ಸಾಧು ಹೆಂಗಸು ಬಂದಿದ್ದರೆ ಎಲ್ಲರೂ ನೆಮ್ಮದಿಯಾಗಿರುತ್ತಿದ್ದರು. ಬಂದವಳು ಗಿರಿಜಾಂಬಾ.

ಇವಳಿಗೆ ತರಕಾರಿ ಕಂಡರೆ ಕೈ ಕಡಿಯುತ್ತದೆ. ಕಲ್ಲಂಗಡಿ ಸಿಪ್ಪೆ ರುಬ್ಬಿ ದೋಸೆ ಹುಯ್ದಿದ್ದಾಳೆ. ಪರಂಗಿಕಾಯಿಗೆ ಹುಣಸೆ ಹಿಂಡಿ ಗೊಜ್ಜು ಮಾಡಿದ್ದಾಳೆ. ರಾಗಿ ಮುದ್ದೆಯನ್ನು ಇಡ್ಲಿ ತಟ್ಟೆಯಲ್ಲಿ ಬೇಯಿಸಿ ‘ಇದಕ್ಕೆ ಕೋಲೇ ಬೇಡ’ ಎಂದು ಕುಣಿದಿದ್ದಾಳೆ. ಅವತ್ತು ಆ ಮುದ್ದೆ ಗೋಡೆಗೆ ಎಸೆದಿದ್ದರೆ ಗೋಡೆ ಬೀಳುತ್ತಿತ್ತು. ಏಕಾಂತಯ್ಯ ತಿಂದರು, ನೀರು ಕುಡಿದರು, ಎದ್ದರು.

ಅವಳಿಗೆ ಇಷ್ಟವಾದದ್ದು ತಳ ಹಿಡಿದ ಅನ್ನದ ಹಕ್ಕಳೆ, ಉಪ್ಪು ಖಾರ ಸವರಿದ ಹಸಿ ಹುಣಸೆಕಾಯಿ. ಆಗದ್ದು ಪಡವಲಕಾಯಿ. “ಹೆಚ್ಚೋಕ್ ಕೂತ್ರೆ ಹಾವಿನ ಹೆಣ ಕೊಯ್ದಂಗಾಗ್ತದೆ ಕಣೇ.” ಅಂಗಡಿಯ ಸಾಂಬಾರ್ ಪುಡಿ ಅಂದರೆ ಕೋಪ. “ಪ್ಯಾಕೆಟ್ ಪುಡಿ ಹಾಕೋದಾದ್ರೆ ಪ್ಯಾಕೆಟ್ಟನ್ನೇ ಕುದಿಸ್ಕೊಂಡು ಕುಡೀರಿ.” ಎಲ್ಲಕ್ಕಿಂತ ಆಗದ್ದು ಸಬ್ಬಸಿಗೆ ಸೊಪ್ಪು. ಅದರ ವಾಸನೆಗೆ ತಲೆ ಸಿಡಿಯುತ್ತದೆ. ಆದರೂ ಪ್ರತಿ ಸೋಮವಾರ ರಾತ್ರಿ ಅವಳ ಮನೆಯಲ್ಲಿ ಸಬ್ಬಸಿಗೆ ಪಲ್ಯವೇ. ಮದುವೆಯಾಗಿ ಬಂದ ಮೊದಲ ಸೋಮವಾರ ಏಕಾಂತಯ್ಯ ಅದನ್ನು ಮೂರು ಸಲ ಹಾಕಿಸಿಕೊಂಡಿದ್ದರು. ಗಂಡನ ಬಗ್ಗೆ ಸಿಕ್ಕಿದ್ದ ಸಾಕ್ಷಿ ಅದೊಂದೇ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಮಠದ ದಾಸೋಹದ ಸರದಿ ಇವಳಿಗೆ ಬಂತು. ಮುನ್ನೂರು ಜನರ ಪಂಕ್ತಿ, ಸಿಹಿ ಗಿರಿಜಾಂಬಾಳದು. ಯಾರೇ ಆದರೂ ಶ್ಯಾವಿಗೆ ಪಾಯಸ ಕಾಯಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಇವಳು ದೇವರಾಜ ಮಾರ್ಕೆಟ್ಟಿಗೆ ಹೋಗಿ ಎರಡು ಚೀಲ ಈರನಗೆರೆ ಬದನೆಕಾಯಿ ಹೊತ್ತು ತಂದಳು.

“ಹಲ್ವ ಮಾಡ್ತೀನಿ” ಅಂದಳು.

“ಯಾವುದರ ಹಲ್ವ?” ಅಂದೆ. ನಮ್ಮ ಮನೆ ಇರುವುದು ಅವಳ ಹಿಂದಿನ ಬೀದಿಯಲ್ಲಿ.

“ಇದರದೇ. ಕುಂಬಳಕಾಯಿದು ಆಗ್ತದೆ, ಇದರದು ಯಾಕಾಗಲ್ಲ?”

“ಜನ ಏನಂತಾರೋ.”

“ಅದೇ ಕಣೇ ನನ್ ಸಂಕಟ! ಏನೂ ಅನ್ನಲ್ಲ. ಕೆಟ್ಟೋಗಿದ್ರೂ ಮುನ್ನೂರು ಜನ ಬಾಯ್ ಮುಚ್ಕೊಂಡು ತಿಂದು, ಕೈ ಮುಗಿದು ಎದ್ದೋಗ್ತಾರೆ. ನಂಗೆ ಸಾಯೋ ತಂಕ ಗೊತ್ತಾಗಲ್ಲ. ಅಷ್ಟು ದೊಡ್ ಪಂಕ್ತಿಗೆ ಬಡ್ಸೋಕೆ ಮೊದ್ಲು ಒಬ್ಬ್ರಾದ್ರೂ ನಿಜ ಹೇಳ್ಬೇಕು.”

“ನಾನು ಹೇಳ್ತೀನಿ, ಕೊಡು.”

“ನೀನಾ? ನೀನು ಹುಟ್ಟಿದಾಗಿಂದ ಎಲ್ಲದಕ್ಕೂ ಧಿಕ್ಕಾರ ಅಂದೋಳು. ನಿನ್ ಮಾತು ಲೆಕ್ಕಕ್ಕಿಲ್ಲ ಬುಡು.”

ದಾಸೋಹಕ್ಕೆ ಒಂಬತ್ತು ದಿನ ಇತ್ತು. ಮೊದಲ ಹಲ್ವ ಆಯಿತು. ಏಕಾಂತಯ್ಯ ತಿಂದರು. ಹೇಗಿದೆ ಎಂದು ಕೇಳಿದ್ದಕ್ಕೆ “ಪ್ರಸಾದ” ಅಂದರು. ಎರಡನೇ ದಿನ ಮತ್ತೆ ಮಾಡಿದಳು, ಮತ್ತೆ ಕೇಳಿದಳು, ಮತ್ತೆ ಪ್ರಸಾದ. ಮೂರನೇ ದಿನ ಇವಳ ತಲೆ ಕೆಟ್ಟಿತು. ಹಲ್ವಕ್ಕೆ ಸಕ್ಕರೆಯ ಬದಲು ಅಷ್ಟೇ ಅಳತೆಯ ಉಪ್ಪು ಸುರಿದಳು. ಈಗಲಾದರೂ ಮನುಷ್ಯ ಬಾಯಿ ಬಿಡಲೇಬೇಕಲ್ಲ!

ಏಕಾಂತಯ್ಯ ಒಂದು ತುತ್ತು ಇಟ್ಟುಕೊಂಡರು. ಕಿವಿ ಕೆಂಪಾಯಿತು. ಎರಡನೇ ತುತ್ತಿಗೆ ಕಣ್ಣಲ್ಲಿ ನೀರು ಬಂತು. ತಟ್ಟೆ ಬಳಿದರು, ತೊಳೆದರು, ಆ ನೀರನ್ನೂ ಕುಡಿದರು. ಆಮೇಲೆ ಬಚ್ಚಲ ಕಡೆ ಹೋಗಿ ಎರಡು ಚೊಂಬು ನೀರು ಬೇರೆ ಕುಡಿದು ಬಂದು, ಏನೂ ಆಗಿಲ್ಲವೆಂಬಂತೆ ಪೇಪರ್ ಹಿಡಿದು ಕೂತರು.

ಅದೇ ಉಪ್ಪಿನ ಹಲ್ವದ ಒಂದು ಡಬ್ಬಿ ಎದುರು ಮನೆಯ ಚಾಮುಂಡಮ್ಮನಿಗೂ ಹೋಗಿತ್ತು. ಹೊರಗಿನವಳಾದರೂ ಹೇಳಲಿ ಅಂತ. ಸಂಜೆ ಚಾಮುಂಡಮ್ಮ, ಬರಿ ಡಬ್ಬಿ ಕೊಡಬಾರದೆಂದು ನಾಲ್ಕು ನಿಂಬೆಹಣ್ಣು ಹಾಕಿಕೊಂಡು ಬಂದಳು.

“ಎಂಗಿತ್ತು ಅಂತ ಕೇಳ್ಬ್ಯಾಡಿ ಅಕ್ಕ! ಮನೆಯೋರೆಲ್ಲಾ ನಾನು ತಾನು ಅಂತ ಕಿತ್ಕೊಂಡ್ ತಿಂದ್ರು. ಸಿಹಿ ಮಾತ್ರ ಅಳತೆಗೆ ಸರಿಯಾಗಿತ್ತು ನೋಡಿ.”

ಗಿರಿಜಾಂಬಾ ನಿಂಬೆಹಣ್ಣು ಇಸಕೊಂಡು ಒಳಗೆ ಹೋದಳು. ಬಾಯಿಗೆ ಸೆರಗು ತುರುಕಿಕೊಂಡು ನಕ್ಕಿದ್ದಕ್ಕೆ ಬಿಕ್ಕಳಿಕೆ ಬಂತು. ನಗು ನಿಂತ ಮೇಲೆ ಯೋಚನೆ ಹತ್ತಿತು. ಇಡೀ ಬೀದಿಯೇ ಹೀಗಾದರೆ ಯಾರನ್ನು ನಂಬುವುದು?

ಉಳಿದವಳು ಸೊಸೆ ಮಧುಶ್ರೀ. ಅಮರೇಶನ ಕೈ ಹಿಡಿದು ಮೂರು ತಿಂಗಳಾಗಿತ್ತು. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸ. ಒಂದು ಗೀರು ಇದ್ದರೂ ಪೀಸನ್ನು ಪಕ್ಕಕ್ಕೆ ಎಸೆಯುವುದಕ್ಕೇ ಅವಳಿಗೆ ಸಂಬಳ. ಮನೆಯಲ್ಲಿ ಮಾತ್ರ ಹೊಸ ಸೊಸೆಯ ಹಾಗೆ ತಲೆ ಬಗ್ಗಿಸಿ ಉಣ್ಣುತ್ತಿದ್ದಳು. ಭಾನುವಾರ ರಜೆ. ಗಿರಿಜಾಂಬಾ ಸರಿಯಾಗಿ ಸಕ್ಕರೆ ಹಾಕಿದ ಹಲ್ವ ಬಡಿಸಿ, ಎದುರಿಗೇ ಚಕ್ಕಂಬಕ್ಕಳ ಹಾಕಿ ಕೂತಳು.

“ಫ್ಯಾಕ್ಟ್ರೀಲಿ ದಿನಾ ಎಷ್ಟ್ ಪೀಸ್ ಎಸೀತೀಯಮ್ಮ?”

“ಇಪ್ಪತ್ತೋ ಮೂವತ್ತೋ ಅತ್ತೆ.”

“ಇದು ಆ ಮೇಜಿಗೆ ಬಂದಿದ್ರೆ?”

ಮಧುಶ್ರೀ ಗಂಡನ ಮುಖ ನೋಡಿದಳು. ಅಮರೇಶ ತಟ್ಟೆ ನೋಡಿದ.

“ನಿಮ್ ಮನೇಲಿ ಹೇಳೋ ಪದ್ಧತಿ ಇಲ್ವಲ್ಲ ಅತ್ತೆ.”

“ಪದ್ಧತಿ ನಾನ್ ನೋಡ್ಕೋತೀನಿ. ನೀನ್ ಹೇಳು.”

“ಬೇಜಾರ್ ಮಾಡ್ಕೋಬಾರ್ದು.”

“ಇಲ್ಲ.”

“ಒದ್ದೆ ಗೋಣಿಚೀಲಕ್ಕೆ ಸಕ್ಕರೆ ಪಾಕ ಹುಯ್ದಂಗದೆ.”

ಏಕಾಂತಯ್ಯನವರ ತುತ್ತು ಕೈಯಲ್ಲೇ ನಿಂತಿತು. ಮನೆಯಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಗಿರಿಜಾಂಬಾ ಎದ್ದಳು. ಅಮರೇಶ, ಅಮ್ಮ ಅಳಲು ಹೊರಟಳು ಅಂದುಕೊಂಡ. ಅವಳು ಸೌಟು ಹಿಡಿದುಕೊಂಡೇ ಹಿತ್ತಲಿಗೆ ಓಡಿ, ಕಾಂಪೌಂಡಿನ ಮೇಲೆ ಕತ್ತು ಚಾಚಿ ನನ್ನನ್ನು ಕೂಗಿದಳು. “ಬಾರೇ ಇಲ್ಲಿ! ನನ್ ಹಲ್ವ ಗೋಣಿಚೀಲ ಅಂತೆ ಕಣೇ! ಒದ್ದೆ ಗೋಣಿಚೀಲ!” ಲಾಟರಿ ಹೊಡೆದವಳ ಹಾಗೆ ಕುಣಿಯುತ್ತಿದ್ದಳು. ಒಳಗೆ ಹೋಗಿ ಸೊಸೆಯ ಎರಡೂ ಕೆನ್ನೆ ಹಿಂಡಿದಳು. ಮಧುಶ್ರೀ ಹೆದರಿಕೊಂಡು ಎರಡನೇ ಸಲ ಹಾಕಿಸಿಕೊಳ್ಳಲು ಹೋದಳಂತೆ. “ತಿನ್ಬೇಡ, ಗೋಣಿಚೀಲ!” ಎಂದು ಅತ್ತೆಯೇ ಕಿತ್ತುಕೊಂಡು ತಾನೇ ತಿಂದಳು. ಬಿಸಾಡುವ ಹಾಗಂತೂ ಇಲ್ಲವಲ್ಲ.

ಬಾಯಿ ಒಂದು ಸಲ ಬಿಚ್ಚಿದರೆ ಆಯಿತು. ಮಾರನೆಯ ದಿನ ಸೋಮವಾರ. ರಾತ್ರಿ ಊಟಕ್ಕೆ ಸಬ್ಬಸಿಗೆ ಪಲ್ಯ. ಮಧುಶ್ರೀ ಕೇಳಿಯೇಬಿಟ್ಟಳು.

“ಅತ್ತೆ, ಪ್ರತಿ ಸೋಮವಾರ ಇದನ್ನ ಯಾರಿಗೋಸ್ಕರ ಮಾಡ್ತೀರ?”

“ನಿಮ್ ಮಾವಂಗೆ ಪ್ರಾಣ.”

“ಹೌದಾ ಮಾವ?”

“ಪ್ರಸಾದ ಕಣಮ್ಮ” ಅಂದರು ಏಕಾಂತಯ್ಯ.

ಆ ಹುಡುಗಿಗೆ ಗೀರು ಕಂಡರೆ ಬಿಡುವ ಅಭ್ಯಾಸವೇ ಇಲ್ಲ. “ಇವತ್ತಿಂದು ಪ್ರಸಾದ, ಒಪ್ಪಿದೆ. ನಾಳೆದು ಇನ್ನೂ ಮಾರ್ಕೆಟ್ಟಲ್ಲೇ ಅದೆ. ಅದಿನ್ನೂ ಪ್ರಸಾದ ಆಗಿಲ್ವಲ್ಲ ಮಾವ? ನಾಳೆ ಏನು ಬೇಕು, ಏನು ಬೇಡ ಅಂತ ಹೇಳ್ಬಹುದಲ್ಲ?”

ಏಕಾಂತಯ್ಯ ಉಣ್ಣುವುದನ್ನು ನಿಲ್ಲಿಸಿದರು. ಸ್ಟೋರಿನಲ್ಲಿ ರಿಜಿಸ್ಟರ್ ನೋಡುವವರ ಹಾಗೆ ಗೋಡೆಯ ಕಡೆ ನೋಡುತ್ತಾ ಕೂತರು. ಮಾವನಿಗೆ ಸಿಟ್ಟು ಬಂತೆಂದು ಮಧುಶ್ರೀ ನೀರಿನ ಲೋಟ ಮುಂದೆ ಸರಿಸಿದಳು. ಕೊನೆಗೆ ಅವರು ಗಂಟಲು ಸರಿಮಾಡಿಕೊಂಡರು.

“ನಾಳೆ... ಸಬ್ಬಸಿಗೆ ಬೇಡ.”

“ನಾಳೆ ಮಂಗಳವಾರ ಕಣ್ರೀ” ಅಂದಳು ಗಿರಿಜಾಂಬಾ.

“ಮುಂದಿನ ಸೋಮವಾರಾನೂ ಬೇಡ. ಇನ್ನು ಯಾವತ್ತೂ ಬೇಡ.”

“ಮತ್ತೆ ಮೊದ್ಲನೇ ದಿನ ಮೂರ್ ಸಲ ಹಾಕಿಸ್ಕೊಂಡ್ರಲ್ಲ!”

“ನೀನು ಒಂದು ಬೋಗುಣಿ ಮಾಡ್ಬುಟ್ಟಿದ್ದೆ. ಉಳಿಸೋ ಹಾಗಿಲ್ಲ. ಏನ್ ಮಾಡ್ಲಿ?”

“ಅಯ್ಯೋ ನಿಮ್ಮ! ನಂಗೂ ಆಗಲ್ಲ ಕಣ್ರೀ ಅದು!”

“ನಂಗೂ ಆಗಲ್ಲ” ಅಂದ ಅಮರೇಶ. “ಅಪ್ಪಂಗಿಷ್ಟ ಅಂತ ತಿಂತಿದ್ದೆ.”

ಯಾರಿಗೂ ಬೇಡದ ಸೊಪ್ಪನ್ನು ಎಲ್ಲರೂ ಸೇರಿ ಎರಡು ಸಾವಿರ ಸೋಮವಾರ ತಿಂದಿದ್ದರು. ಗಿರಿಜಾಂಬಾ ನೆಲದ ಮೇಲೆ ಕೂತಲ್ಲೇ ಮಗ್ಗುಲಿಗೆ ಉರುಳಿ ನಕ್ಕಳು. ಅಮರೇಶನಿಗೆ ನೆತ್ತಿಗೆ ಹತ್ತಿತು, ಮಧುಶ್ರೀ ಅವನ ತಲೆ ತಟ್ಟುತ್ತಾ ತಾನೂ ನಗುತ್ತಿದ್ದಳು. ಏಕಾಂತಯ್ಯನವರಿಗೆ ಮಾತಿನ ರುಚಿ ಹತ್ತಿಬಿಟ್ಟಿತ್ತು. ನಾಳೆ ಕಲ್ಲಂಗಡಿ ಸಿಪ್ಪೆ ದೋಸೆ ಬೇಡ. ನಾಳೆ ಇಡ್ಲಿ ತಟ್ಟೆ ಮುದ್ದೆ ಬೇಡ, ಹಲ್ಲು ಇನ್ನು ಆರೇ ಉಳಿದಿವೆ. ನಾಳೆ ಬೀಟ್‌ರೂಟ್ ಒತ್ತುಶ್ಯಾವಿಗೆ ಬೇಕು.

“ಅದನ್ನ ಒಂದೇ ಸಲ ಮಾಡಿದ್ದು. ಇಪ್ಪತ್ತು ವರ್ಷ ಆಯ್ತು” ಅಂದಳು ಗಿರಿಜಾಂಬಾ. “ನೀವು ಎರಡ್ನೇ ಸಲ ಹಾಕಿಸ್ಕೊಳ್ಲಿಲ್ಲ ಅಂತ ಬಿಟ್ಬುಟ್ಟೆ.”

“ಪಾತ್ರೇಲಿ ನಿನಗೇ ಇರ್ಲಿಲ್ಲ, ಹೆಂಗ್ ಕೇಳ್ಲಿ? ಇಪ್ಪತ್ತು ವರ್ಷದಿಂದ ಕಾಯ್ತಾ ಇದ್ದೀನಿ.”

ಗಿರಿಜಾಂಬಾ ಎದ್ದು ಹೋಗಿ ಅಟ್ಟದಿಂದ ಶ್ಯಾವಿಗೆ ಒರಳು ಇಳಿಸಿ ಮುಂದಿಟ್ಟುಕೊಂಡಳು. ಇದನ್ನು ಮಧುಶ್ರೀಯೇ ನನಗೆ ಹೇಳಿದ್ದು. ಆಮೇಲೆ ಮೆಲ್ಲಗೆ ಕೇಳಿದಳಂತೆ, “ಹಲ್ವ?”

“ನಾಳೆ ಮಾಡೋದಾದ್ರೆ, ಕಾಯಿ ಸುಟ್ಟು ಸಿಪ್ಪೆ ತೆಗೆದು ಮಾಡು. ಸಕ್ಕರೆ ಬೇಡ, ಬೆಲ್ಲ ಹಾಕು. ಮೊನ್ನೆ ಆ ಉಪ್ಪು...” ಎಂದವರು ನಾಲಿಗೆ ಕಚ್ಚಿಕೊಂಡರು. “ಮೊನ್ನೇದು ಪ್ರಸಾದ. ಅದರ ಮಾತು ಬೇಡ.”

ದಾಸೋಹದ ದಿನ ನಾನೂ ಹೋಗಿದ್ದೆ. ಸುಟ್ಟ ಬದನೆಕಾಯಿ, ಬೆಲ್ಲ, ತುಪ್ಪ, ಏಲಕ್ಕಿ. ಗಿರಿಜಾಂಬಾ ಬೇರೆ ಯಾರ ಕೈಗೂ ಸೌಟು ಕೊಡಲಿಲ್ಲ. ತಾನೇ ಬಡಿಸುತ್ತಾ ಒಂದೊಂದು ಮುಖವನ್ನೂ ಬಗ್ಗಿ ಬಗ್ಗಿ ನೋಡಿದಳು. ಮುನ್ನೂರು ಜನ ತಿಂದರು. ಎಲೆಗಳು ಒರೆಸಿದ ಹಾಗಿದ್ದವು. ಸುಮಾರು ಜನ ಎರಡನೇ ಸಲ ಹಾಕಿಸಿಕೊಂಡರು. ಆದರೆ ಸಬ್ಬಸಿಗೆ ವಿಷಯ ಬಯಲಾದ ಮೇಲೆ ಅವಳಿಗೆ ಆ ಸಾಕ್ಷಿಯ ಮೇಲೂ ನಂಬಿಕೆ ಇಲ್ಲ. ಮೂರನೇ ಸಲ ಕೈಯೊಡ್ಡಿದ ಒಬ್ಬ ಮುದುಕರನ್ನು ಕೇಳಿಯೇ ಬಿಟ್ಟಳು.

“ಹೇಗಿದೆ ಅಯ್ಯಾ?”

“ಪ್ರಸಾದ ಕಣವ್ವ” ಎಂದು ಅವರು ಕೈ ನೆಕ್ಕಿಕೊಂಡರು.

ನನ್ನ ಅಭಿಪ್ರಾಯ ಯಾರಿಗೂ ಬೇಡ. ಆದರೂ ಹೇಳುತ್ತೇನೆ: ಮೊದಲ ತುತ್ತು ಸುಟ್ಟ ಬದನೆಕಾಯಿ ಬಜ್ಜಿ ತಿಂದ ಹಾಗಿತ್ತು, ಎರಡನೆಯದು ಪರವಾಗಿಲ್ಲ, ಮೂರನೆಯದಕ್ಕೆ ಇನ್ನೊಂದು ಸೌಟು ಕೇಳಿದೆ. ಹೇಳಿದ್ದಕ್ಕೆ “ನೀನ್ ಸುಮ್ನಿರೇ” ಅಂದಳು. ಅವಳಿಗೆ ಬೇಕಿರುವುದು ಗುರುತಿಲ್ಲದವರ ಬಾಯಿ. ಮುಂದಿನ ವರ್ಷವೂ ಸಿಹಿ ಅವಳದೇ ಎಂದು ಮಠದಲ್ಲಿ ಹೇಳಿದ್ದಾರೆ. ಬದನೆಕಾಯಿಯೋ, ಹಾಳು ಶ್ಯಾವಿಗೆ ಪಾಯಸವೋ ಎಂದು ತೀರ್ಮಾನಿಸಲಾಗದೆ ಅವಳು ಒದ್ದಾಡುತ್ತಿದ್ದಾಳೆ.

ಅವತ್ತು ಆ ಪಂಕ್ತಿಯಲ್ಲಿ ಕೂತು, ಎಲೆ ಒರೆಸಿ, ಕೈ ಮುಗಿದು ಜಾಗ ಖಾಲಿ ಮಾಡಿದ ಮುನ್ನೂರು ಜನರಲ್ಲಿ ನೀವೂ ಒಬ್ಬರೇ? ಹಾಗಾದರೆ ನಾಳೆ ಬೆಳಿಗ್ಗೆ ಹತ್ತರ ಮೇಲೆ ಒಂಟಿಕೊಪ್ಪಲಿಗೆ ಬಂದು, ಚಾಮುಂಡಮ್ಮನ ಎದುರು ಮನೆಯ ಬಾಗಿಲು ತಟ್ಟಿ. ತಿಂದದ್ದರ ಬಗ್ಗೆ ಮಾತಾಡುವುದು ಬೇಡ, ಪದ್ಧತಿ ಮುರಿಯುವುದೂ ಬೇಡ. ಮುಂದಿನ ವರ್ಷ ಬದನೆಕಾಯಿ ಹಲ್ವ ಬೇಕೋ, ಬೇಡವೋ? ಅವಳ ಮುಖ ನೋಡಿ, ಬಾಯಿ ಬಿಟ್ಟು ಹೇಳಿ ಹೋಗಿ.